ಸೆರೆಯಲ್ಲೂ ನಿಲ್ಲದ ಲೆಕ್ಕ

ಮಕ್ಕಳೇ, ಮಂಗಳ ಗ್ರಹದ ಎರಡು ಧ್ರುವಗಳಲ್ಲೂ ಬಿಳಿಯ ಮಂಜುಗಡ್ಡೆಯ ಹೊದಿಕೆ ಇದೆ. ಅಲ್ಲಿಗೆ ಯಾವ ನೌಕೆಯೂ ಹೋಗದಿದ್ದ ಕಾಲದಲ್ಲಿ, ಬರೀ ಕಾಗದ ಮತ್ತು ಪೆನ್ನು ಹಿಡಿದು ಆ ಗ್ರಹದ ಚಳಿಯನ್ನು ಲೆಕ್ಕ ಹಾಕಿದವರು ಯಾರು ಗೊತ್ತೇ? ಅವರೇ ಮಿಲುಟಿನ್ ಮಿಲಾಂಕೋವಿಚ್.

ಇವರು 1879ರ ಮೇ 28ರಂದು ಈಗಿನ ಕ್ರೊಯೇಷಿಯಾ ದೇಶದ ದಾಲ್ ಎಂಬ ಊರಿನಲ್ಲಿ ಜನಿಸಿದರು. ವಿಯೆನ್ನಾದಲ್ಲಿ ಓದಿ ಕಾಂಕ್ರೀಟ್ ಕಟ್ಟಡಗಳ ಎಂಜಿನಿಯರ್ ಆದರು. 1909ರಲ್ಲಿ ಆ ಕೆಲಸ ಬಿಟ್ಟು, ಸರ್ಬಿಯಾದ ಬೆಲ್‌ಗ್ರೇಡ್ ವಿಶ್ವವಿದ್ಯಾಲಯದಲ್ಲಿ ಗಣಿತ ಕಲಿಸತೊಡಗಿದರು. ಒಂದು ಗ್ರಹದ ಮೇಲೆ ಎಷ್ಟು ಬಿಸಿಲು ಬೀಳುತ್ತದೆಂದು ತಿಳಿದರೆ ಅಲ್ಲಿನ ಹವಾಮಾನವನ್ನೂ ತಿಳಿಯಬಹುದಲ್ಲವೇ? ಈ ಪ್ರಶ್ನೆಗೆ ಉತ್ತರ ಹುಡುಕಲು ಹೊರಟರು.

1914ರಲ್ಲಿ ಮದುವೆಯಾಗಿ ಹುಟ್ಟೂರಿಗೆ ಹೋಗಿದ್ದಾಗ ಮೊದಲ ಮಹಾಯುದ್ಧ ಆರಂಭವಾಯಿತು. ಆ ಊರು ಆಗ ಆಸ್ಟ್ರಿಯಾ-ಹಂಗೆರಿಗೆ ಸೇರಿತ್ತು. ಶತ್ರು ದೇಶವಾದ ಸರ್ಬಿಯಾದ ಪ್ರಜೆ ಎಂದು ಅವರನ್ನು ಬಂಧಿಸಿದರು. ಸೆರೆಯ ಕೋಣೆಯಲ್ಲಿ ಅವರು ಏನು ಮಾಡಿದರು ಊಹಿಸಿ! ಪೆಟ್ಟಿಗೆಯಲ್ಲಿದ್ದ ಕಾಗದಗಳನ್ನು ತೆಗೆದು ಲೆಕ್ಕ ಮುಂದುವರಿಸಿದರು. ಕೆಲವು ತಿಂಗಳ ನಂತರ ಅವರನ್ನು ಬುಡಾಪೆಸ್ಟ್ ನಗರಕ್ಕೆ ಕಳುಹಿಸಿದರು. ಅಲ್ಲಿನ ಗ್ರಂಥಾಲಯದಲ್ಲಿ ಕುಳಿತು ಮಂಗಳನ ಹವಾಮಾನದ ಲೆಕ್ಕ ಮುಗಿಸಿದರು.

ಮಂಗಳನಲ್ಲಿ ಬುದ್ಧಿವಂತ ಜೀವಿಗಳು ಕಾಲುವೆ ತೋಡಿದ್ದಾರೆಂದು ಹಲವರು ನಂಬಿದ್ದ ಕಾಲವದು. ಆದರೆ ಅಲ್ಲಿರುವುದು ಕೊರೆಯುವ ಚಳಿ ಎಂದು ಮಿಲಾಂಕೋವಿಚ್ ತಿಳಿಸಿದರು. ಮುಂದೆ ನೌಕೆಗಳು ಹೋಗಿ ನೋಡಿದಾಗ ಚಳಿ ಇನ್ನೂ ಹೆಚ್ಚಾಗಿತ್ತು. ಸರಾಸರಿ ಸುಮಾರು ಮೈನಸ್ 60 ಡಿಗ್ರಿ ಸೆಲ್ಸಿಯಸ್!

ಇದೇ ವಿಧಾನದಿಂದ ಅವರು ಭೂಮಿಯ ಹಿಮಯುಗಗಳ ಕಾರಣವನ್ನೂ ಹುಡುಕಿದರು. ಭೂಮಿಯ ಅಕ್ಷ ಓರೆಯಾಗಿದೆ ಎಂದು ನೀವು ಓದಿದ್ದೀರಿ. ಈ ಓರೆ ಸದಾ ಒಂದೇ ಸಮ ಇರುವುದಿಲ್ಲ. ಸುಮಾರು 41,000 ವರ್ಷಗಳ ಅವಧಿಯಲ್ಲಿ ತುಸು ಹೆಚ್ಚಿ, ತುಸು ಕಡಿಮೆಯಾಗುತ್ತದೆ. ಕಡಿಮೆಯಾದಾಗ ಉತ್ತರದ ನಾಡುಗಳ ಬೇಸಿಗೆ ತಂಪಾಗುತ್ತದೆ. ಚಳಿಗಾಲದ ಹಿಮ ಪೂರ್ತಿ ಕರಗದೆ ವರ್ಷದಿಂದ ವರ್ಷಕ್ಕೆ ಪದರ ಪದರವಾಗಿ ಬೆಳೆಯುತ್ತದೆ. ಭೂಮಿಯ ಕಕ್ಷೆಯ ಆಕಾರ ಬದಲಾಗುವುದೂ ಇದಕ್ಕೆ ಸೇರುತ್ತದೆ.

ಹಲವು ವಿಜ್ಞಾನಿಗಳು ಇದನ್ನು ಒಪ್ಪಲಿಲ್ಲ. 1958ರಲ್ಲಿ ಮಿಲಾಂಕೋವಿಚ್ ತೀರಿಕೊಂಡರು. 1976ರಲ್ಲಿ ಹಿಂದೂ ಮಹಾಸಾಗರದ ತಳದಿಂದ ತೆಗೆದ ಕೆಸರಿನ ಪದರಗಳನ್ನು ಪರೀಕ್ಷಿಸಿದಾಗ, ಅವರು ಹೇಳಿದ ಕಾಲಚಕ್ರಗಳೇ ಅದರಲ್ಲಿ ಕಂಡವು! ಈಗ ಮಂಗಳನ ಒಂದು ಕುಳಿಗೆ ಅವರ ಹೆಸರಿದೆ.

ಮಾಡಿ ನೋಡಿ: ಕತ್ತಲೆ ಕೋಣೆಯಲ್ಲಿ ಕಾಗದದ ಮೇಲೆ ಟಾರ್ಚ್ ಬೆಳಕನ್ನು ಮೊದಲು ನೇರವಾಗಿ, ಆಮೇಲೆ ಓರೆಯಾಗಿ ಬಿಡಿ. ಬೆಳಕು ಬಿದ್ದ ಜಾಗದ ಸುತ್ತ ಪೆನ್ಸಿಲ್‌ನಿಂದ ಗೆರೆ ಎಳೆಯಿರಿ. ಯಾವುದು ದೊಡ್ಡದು? ಎಲ್ಲಿ ಬೆಳಕು ಮಂಕು? ಧ್ರುವಗಳಲ್ಲಿ ಮಂಜುಗಡ್ಡೆ ಏಕಿದೆ ಎಂಬುದನ್ನು ಈಗ ನೀವೇ ಹೇಳಿ.