ಬೆತ್ತ ಹಿಡಿಯದ ಗುರು ಡಾನ್ ಬಾಸ್ಕೊ

ಮಾಟುಂಗಾ ಭಾಗದಲ್ಲಿ ದುಡಿಯುವ ಕನ್ನಡಿಗರಲ್ಲಿ ಡಾನ್ ಬಾಸ್ಕೊ ಶಾಲೆಯ ಹೆಸರನ್ನು ಕೇಳದವರು ಇರಲಾರರು. ಬೆಳಗಿನ ಹೊತ್ತು ಸಮವಸ್ತ್ರ ಧರಿಸಿ ಸಾಗುವ ಅಲ್ಲಿಯ ಮಕ್ಕಳನ್ನು ಕಂಡು, ಅದು ಅನುಕೂಲಸ್ಥರ ಶಾಲೆಯೆಂದು ನಮ್ಮಲ್ಲಿ ಹಲವರು ಭಾವಿಸಿರುವುದೂ ಸಹಜವೇ. ಆದರೆ ಆ ಶಾಲೆಯು ಯಾರ ಹೆಸರನ್ನು ಹೊತ್ತಿರುವುದೋ ಆ ಮಹನೀಯರು ಒಂದು ಕಾಲದಲ್ಲಿ ಕಾಫಿ ಅಂಗಡಿಯಲ್ಲಿ ದುಡಿದು, ಒಲೆಯ ಮೇಲಣ ಗೂಡಿನಲ್ಲಿ ಮಲಗಿ ವಿದ್ಯಾರ್ಜನೆ ಮಾಡಿದವರೆಂಬ ಸಂಗತಿಯು ಬಹುಮಂದಿಗೆ ತಿಳಿಯದು. ಡಾನ್ ಎಂಬುದು ಇಟಲಿ ದೇಶದಲ್ಲಿ ಪಾದ್ರಿಗಳಿಗೆ ಸಲ್ಲುವ ಗೌರವವಾಚಕ. ಮುಂಬಯಿಯ ಬೀದಿಗಳಲ್ಲಿ ಆ ಶಬ್ದಕ್ಕೆ ಅಂಟಿಕೊಂಡಿರುವ ಅರ್ಥಕ್ಕೂ ಇದಕ್ಕೂ ಏನೊಂದು ಸಂಬಂಧವೂ ಇಲ್ಲ.

ಜೊವಾನ್ನಿ ಬಾಸ್ಕೊ 1815ರ ಆಗಸ್ಟ್ 16ರಂದು ಉತ್ತರ ಇಟಲಿಯ ಪೀಡ್‌ಮಾಂಟ್ ಪ್ರಾಂತದ ಬೆಕ್ಕಿ ಎಂಬ ಸಣ್ಣ ಹಳ್ಳಿಯಲ್ಲಿ ಜನಿಸಿದನು. ಎರಡು ವರ್ಷ ತುಂಬುವ ಮೊದಲೇ ತಂದೆಯು ತೀರಿಕೊಂಡನು. ತಾಯಿ ಮಾರ್ಗರೀತಾ ಅಕ್ಷರ ಬಾರದ ಹೆಣ್ಣುಮಗಳು. ಹೊಲ ಗೇಯುತ್ತ ಸಂಸಾರವನ್ನು ನಡೆಸಿದಳು. ಗಂಡನ ಮೊದಲ ಹೆಂಡತಿಯ ಮಗನಾದ ಆಂತೋನಿಯೊವಿಗೆ ಈ ಕಿರಿಯನ ಓದು ಕಣ್ಣುಕಿಸುರಾಯಿತು. ಪುಸ್ತಕವನ್ನು ಮುಟ್ಟದೆಯೇ ತಾನು ಬೆಳೆದು ಗಟ್ಟಿಮುಟ್ಟಾಗಿರುವಾಗ ಇವನಿಗೇಕೆ ಆ ಗೊಡವೆ ಎಂಬುದು ಆತನ ವಾದ. ಮನೆಯಲ್ಲಿ ನಿತ್ಯವೂ ಕಲಹ. ಕೊನೆಗೆ 1828ರ ಚಳಿಗಾಲದಲ್ಲಿ, ಹನ್ನೆರಡು ವರ್ಷದ ಮಗನನ್ನು ತಾಯಿಯೇ ಬಟ್ಟೆಯ ಗಂಟಿನೊಡನೆ ಹೊರಗೆ ದುಡಿಯಲು ಕಳುಹಿಸಬೇಕಾಯಿತು. ಮೋಲ್ಯಾ ಎಂಬ ರೈತ ಕುಟುಂಬದಲ್ಲಿ ಆತನು ಸುಮಾರು ಎರಡು ವರ್ಷ ದನ ಕಾಯುವ ಆಳಾಗಿದ್ದನು. ಊರಿನಿಂದ ಇದೇ ವಯಸ್ಸಿನಲ್ಲಿ ಗಂಟು ಹೊತ್ತು ಹೊರಟು ಬಂದ ನಮ್ಮವರಿಗೆ ಆ ದಿನದ ಆ ತಾಯಿಯ ಸಂಕಟವನ್ನು ವರ್ಣಿಸಿ ಹೇಳಬೇಕಾಗಿಲ್ಲ.

ಮುಂದೆ 1831ರಲ್ಲಿ ಕಿಯೇರಿ ಎಂಬ ಪಟ್ಟಣದ ಶಾಲೆಯನ್ನು ಸೇರಿದಾಗ ಆತನಿಗೆ ಹದಿನಾರು ವರ್ಷ. ಜತೆಯಲ್ಲಿ ಕುಳಿತವರು ಚಿಕ್ಕ ಹುಡುಗರು. ಊಟ ವಸತಿಗಳಿಗಾಗಿ ಹಲವು ಕೆಲಸಗಳನ್ನು ಮಾಡಿದನು. 1833ರಲ್ಲಿ ಪಿಯಾಂತಾ ಎಂಬುವನು ತೆರೆದ ಕಾಫಿ ಅಂಗಡಿಯಲ್ಲಿ ಆಶ್ರಯ ದೊರೆಯಿತು. ಗಿರಾಕಿಗಳಿಗೆ ಬಡಿಸುವುದು, ಬಿಲಿಯರ್ಡ್ಸ್ ಆಟದ ಲೆಕ್ಕವಿಡುವುದು ಕೆಲಸ. ಮಿಠಾಯಿ ಬೇಯಿಸುವ ಒಲೆಯ ಮೇಲಿದ್ದ ಇಕ್ಕಟ್ಟಾದ ಗೂಡು ಮಲಗುವ ಸ್ಥಳ. ಏಣಿ ಹತ್ತಿ ಅದರೊಳಗೆ ಸೇರಿ ಕಾಲು ಚಾಚಿದರೆ ಪಾದಗಳು ಹೊರಗೆ ಬರುತ್ತಿದ್ದುವಂತೆ. ಹುಡುಗನು ಚುರುಕು. ಕಾಫಿ, ಚಾಕೊಲೇಟ್, ಐಸ್‌ಕ್ರೀಮುಗಳನ್ನು ತಯಾರಿಸುವುದನ್ನು ಎಷ್ಟು ಚೆನ್ನಾಗಿ ಕಲಿತನೆಂದರೆ, ಓದನ್ನು ಬಿಟ್ಟು ಇದೇ ಕಸುಬಿನಲ್ಲಿ ನಿಲ್ಲುವುದಾದರೆ ಒಳ್ಳೆಯ ಅನುಕೂಲ ಮಾಡಿಕೊಡುವೆನೆಂದು ಧಣಿಯೇ ಒತ್ತಾಯಿಸಿದನು. ಆತನು ಒಪ್ಪಲಿಲ್ಲ. ದೀಪದ ಬೆಳಕಿನಲ್ಲಿ ಓದು ಸಾಗಿತು. 1841ರ ಜೂನ್ 5ರಂದು ಟ್ಯೂರಿನ್ ನಗರದಲ್ಲಿ ಗುರುದೀಕ್ಷೆಯಾಯಿತು.

ಆ ಕಾಲದ ಟ್ಯೂರಿನ್ ನಗರವು ಹೊಸ ಕಟ್ಟಡಗಳಿಂದಲೂ ಕಾರ್ಖಾನೆಗಳಿಂದಲೂ ಬೆಳೆಯುತ್ತಿದ್ದಿತು. ಗಾರೆ ಹೊರಲು, ಕಲ್ಲು ಕಡೆಯಲು ಹಳ್ಳಿಯ ಹುಡುಗರು ಹಿಂಡುಹಿಂಡಾಗಿ ಬರುತ್ತಿದ್ದರು. ತರುಣ ಪಾದ್ರಿಯು ಸೆರೆಮನೆಗಳಿಗೆ ಹೋಗಿ ನೋಡಿದಾಗ ಅಲ್ಲಿ ಕಂಡವರೂ ಅಂಥ ಹುಡುಗರೇ. ಹೊರಗೆ ಅವರನ್ನು ವಿಚಾರಿಸುವ ಒಬ್ಬನಿದ್ದಿದ್ದರೆ ಒಳಗೆ ಬರುತ್ತಿರಲಿಲ್ಲವೆಂಬುದು ಅವರ ಮನಸ್ಸಿನಲ್ಲಿ ನೆಟ್ಟಿತು. 1841ರ ಡಿಸೆಂಬರ್ 8ರಂದು ಚರ್ಚಿನ ಪರಿಚಾರಕನೊಬ್ಬನು, ಪೂಜೆಗೆ ನೆರವಾಗಲು ಬಾರದೆಂಬ ಕಾರಣಕ್ಕೆ, ಬಾರ್ತೊಲೊಮಿಯೊ ಗರೇಲ್ಲಿ ಎಂಬ ಗಾರೆ ಕೆಲಸದ ಅನಾಥ ಹುಡುಗನನ್ನು ಹೊಡೆದು ಅಟ್ಟಿದನು. ಬಾಸ್ಕೊ ಆತನನ್ನು ಮರಳಿ ಕರೆಸಿ ಪಕ್ಕದಲ್ಲಿ ಕುಳ್ಳಿರಿಸಿಕೊಂಡರು. ಓದಲು ಬಾರದು, ಬರೆಯಲು ಬಾರದು, ಹಾಡಲೂ ಬಾರದು. ಸಿಳ್ಳು ಹಾಕಲು ಬರುವುದೇ ಎಂದು ಕೇಳಿದಾಗ ಹುಡುಗನು ನಕ್ಕುಬಿಟ್ಟನು. ಅಂದಿನಿಂದಲೇ ತಮ್ಮ ಕಾರ್ಯವು ಆರಂಭವಾಯಿತೆಂದು ಅವರು ಮುಂದೆ ಎಣಿಸಿದರು.

ಹುಡುಗರ ಸಂಖ್ಯೆಯು ನೂರಾರಕ್ಕೆ ಏರಿತು. ಗದ್ದಲವನ್ನು ತಾಳಲಾರದೆ ನೆರೆಹೊರೆಯವರು ಅವರನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಓಡಿಸಿದರು. 1846ರಲ್ಲಿ ವಲ್ದೊಕ್ಕೊ ಎಂಬ ಬಡ ಬಡಾವಣೆಯಲ್ಲಿ ಒಂದು ಗಿಡ್ಡ ಕೊಟ್ಟಿಗೆ ಬಾಡಿಗೆಗೆ ದೊರೆಯಿತು. ಅದೇ ವರ್ಷ ಮುದಿ ತಾಯಿಯು ಹಳ್ಳಿಯನ್ನು ಬಿಟ್ಟು ಮಗನೊಡನೆ ನಡೆದೇ ಬಂದಳು. ತನ್ನ ಮದುವೆಯ ಉಡುಪನ್ನೂ ಸರವನ್ನೂ ಈ ಮಕ್ಕಳಿಗಾಗಿ ಮಾರಿದಳು. ಮೊದಲು ಮಲಗಲು ಸ್ಥಳ ಕೊಟ್ಟ ಹುಡುಗರು ಹೊದಿಕೆಗಳನ್ನೇ ಕದ್ದು ಪರಾರಿಯಾದರು. ಆದರೂ 1847ರ ಮೇ ತಿಂಗಳಲ್ಲಿ ಮಳೆಯಲ್ಲಿ ನೆನೆದು ಬಂದ ಒಬ್ಬ ಅನಾಥನಿಗೆ ಆಕೆ ಅಡುಗೆಮನೆಯಲ್ಲಿ ಹಾಸಿಗೆ ಹಾಸಿ, ಮಲಗುವ ಮುನ್ನ ಪ್ರಾಮಾಣಿಕತೆಯನ್ನೂ ದುಡಿಮೆಯನ್ನೂ ಕುರಿತು ನಾಲ್ಕು ಮಾತು ಹೇಳಿದಳು.

ಹಗಲು ದುಡಿಯುವವರಿಗಾಗಿ ರಾತ್ರಿಶಾಲೆ ನಡೆಯಿತು. ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ, ತಟ್ಟೆ ಲೋಟ ತೊಳೆದ ಕೈಯಲ್ಲಿ ಲೇಖನಿ ಹಿಡಿದು ಮೇಲೆ ಬಂದವರಿಗೆ ಇದು ಪರಕೀಯವೆನಿಸದು. 1850ರಿಂದ ದಶಮಾನ ಅಳತೆ ಜಾರಿಗೆ ಬರುವುದೆಂದು ಅರಿತು, ಲೆಕ್ಕದಲ್ಲಿ ಬಡವರು ಮೋಸ ಹೋಗಬಾರದೆಂದು ಬಾಸ್ಕೊ 1849ರಲ್ಲಿಯೇ ಒಂದು ಸುಲಭ ಪುಸ್ತಕವನ್ನು ಬರೆದರು. 1957ರಲ್ಲಿ ನಯಾಪೈಸೆ ಬಂದಾಗ ನಮ್ಮ ಹೋಟೆಲುಗಳ ಗಲ್ಲೆಯ ಮುಂದೆ ನಡೆದ ಗೊಂದಲವನ್ನು ಹಿರಿಯರಿಂದ ಕೇಳಿದವರು ಅದರ ಬೆಲೆಯನ್ನು ಅರಿಯಬಲ್ಲರು.

ನನ್ನ ಮಟ್ಟಿಗೆ ಅವರ ಬದುಕಿನಲ್ಲಿ ಅತ್ಯಂತ ಮನನೀಯವಾದುದು 1852ರ ಫೆಬ್ರವರಿಯ ಒಂದು ಕರಾರುಪತ್ರ. ಒಬ್ಬ ಹುಡುಗನನ್ನು ಬಡಗಿಯ ಬಳಿ ಕೆಲಸ ಕಲಿಯಲು ಬಿಡುವಾಗ ಸ್ಟಾಂಪು ಕಾಗದದ ಮೇಲೆ ಬರೆಯಿಸಿದುದು. ಧಣಿಯು ಹುಡುಗನಿಗೆ ಕಸುಬನ್ನು ಕಲಿಸತಕ್ಕದ್ದು. ಕಸುಬಿಗೆ ಸಂಬಂಧಪಡದ ಕೆಲಸಗಳಿಗೆ ಹಚ್ಚತಕ್ಕದ್ದಲ್ಲ. ತಪ್ಪಿದರೆ ಮಾತಿನಿಂದ ತಿದ್ದತಕ್ಕದ್ದಲ್ಲದೆ ಕೈಯೆತ್ತತಕ್ಕದ್ದಲ್ಲ. ಹಬ್ಬದ ದಿನಗಳಲ್ಲಿ ಬಿಡುವು. ವರ್ಷಕ್ಕೆ ಹದಿನೈದು ದಿನ ರಜೆ. ಹುಡುಗನೂ ವಿಧೇಯನಾಗಿ ದುಡಿಯತಕ್ಕದ್ದು. ಕಾರ್ಮಿಕ ಕಾಯಿದೆಗಳು ಹೆಸರಿಗೂ ಇಲ್ಲದಿದ್ದ ಕಾಲದಲ್ಲಿ, ಹೊಡೆಯಬಾರದೆಂಬುದನ್ನು ಸ್ಟಾಂಪು ಕಾಗದದಲ್ಲಿ ಬರೆಯಿಸಿ ಧಣಿಯಿಂದ ಸಹಿ ಹಾಕಿಸಿದ ಪಾದ್ರಿಯನ್ನು ಕುರಿತು ನಮ್ಮಂತಹವರು ಎರಡು ಕ್ಷಣ ಯೋಚಿಸಬೇಕು. ಕ್ರಮೇಣ ಹುಡುಗರನ್ನು ಹೊರಗೆ ಕಳುಹಿಸುವುದೇ ಬೇಡವೆಂದು ಮನೆಯಲ್ಲಿಯೇ ಚಮ್ಮಾರಿಕೆ, ಹೊಲಿಗೆ, ಪುಸ್ತಕ ಕಟ್ಟುವಿಕೆ, ಬಡಗಿತನ, ಮುದ್ರಣಗಳ ಕಾರ್ಯಾಗಾರಗಳನ್ನು ತೆರೆದರು.

1855ರಿಂದ ಪ್ರೌಢ ವಿದ್ಯಾಭ್ಯಾಸದ ತರಗತಿಗಳು ಅಲ್ಲಿಯೇ ಆರಂಭವಾದುವು. ಅಲ್ಲಿಯೇ ಬೆಳೆದ ಹುಡುಗರು ಅಧ್ಯಾಪಕರಾದರು. 1859ರಲ್ಲಿ ಅವರನ್ನೇ ಸೇರಿಸಿ, ಸೌಮ್ಯ ಸ್ವಭಾವಕ್ಕೆ ಹೆಸರಾದ ಸಂತ ಫ್ರಾನ್ಸಿಸ್ ಡಿ ಸೇಲ್ಸರ ಹೆಸರಿನಲ್ಲಿ ಸಲೇಶಿಯನ್ ಸಭೆಯನ್ನು ಸ್ಥಾಪಿಸಿದರು. ವಿವೇಕ, ಧರ್ಮ, ವಾತ್ಸಲ್ಯ, ಇವು ಮೂರು ಅವರ ಶಾಲೆಯ ಆಧಾರಗಳೆಂದು 1877ರಲ್ಲಿ ಬರೆದರು. ತಪ್ಪು ನಡೆದ ಮೇಲೆ ದಂಡಿಸುವುದಕ್ಕಿಂತ, ಮಕ್ಕಳ ನಡುವೆ ಸದಾ ಇದ್ದು ತಪ್ಪಿಗೆ ಎಡೆಗೊಡದಿರುವುದೇ ಅಧ್ಯಾಪಕನ ಧರ್ಮವೆಂಬುದು ಅದರ ಸಾರ. ಹಾಗೆಂದು ಅಲ್ಲಿ ಶಿಸ್ತು ಸಡಿಲವಾಗಿತ್ತೆಂದು ತಿಳಿಯಬಾರದು. ಕಳ್ಳತನ ಮಾಡಿದವನನ್ನೂ ದೇವದೂಷಣೆ ಮಾಡಿದವನನ್ನೂ ಹೊರಗೆ ಹಾಕುತ್ತಿದ್ದರು. ಪರಮತದವರ ವಿಷಯದಲ್ಲಿ ಬಾಸ್ಕೊ ತಮ್ಮ ಕಾಲದ ಬಿಗುಮಾನವನ್ನು ಮೀರಿದವರೂ ಅಲ್ಲ. ಪ್ರಾಟೆಸ್ಟಂಟರೊಡನೆ ಕಟುವಾದ ವಾದಗಳನ್ನೇ ನಡೆಸಿದರು. ಇದನ್ನು ಮರೆಮಾಚಬೇಕಾಗಿಲ್ಲ.

1875ರಲ್ಲಿ ಅವರ ಶಿಷ್ಯರು ಆರ್ಜೆಂಟೀನಾಕ್ಕೆ ತೆರಳಿ, ಹೊಟ್ಟೆಪಾಡಿಗಾಗಿ ಅಲ್ಲಿಗೆ ವಲಸೆ ಹೋಗಿದ್ದ ಇಟಲಿಯವರ ಸೇವೆಗೆ ನಿಂತರು. ಸಂಸ್ಥೆಯು ಹಬ್ಬುತ್ತ ಹೋದಂತೆ ಮೂಲದ ಮನೆಯಲ್ಲಿ ಮಾತ್ರ ಏನೋ ಆರುತ್ತಿದ್ದಿತು. 1884ರ ಮೇ ತಿಂಗಳಲ್ಲಿ ವೃದ್ಧ ಬಾಸ್ಕೊ ರೋಮಿನಿಂದ ವಲ್ದೊಕ್ಕೊವಿಗೆ ಒಂದು ಪತ್ರವನ್ನು ಬರೆಯಿಸಿದರು. ಅದರಲ್ಲಿ ಕನಸಿನ ರೂಪದಲ್ಲಿ ಎರಡು ಆಟದ ಮೈದಾನಗಳ ವರ್ಣನೆಯಿದೆ. ಹಳೆಯದರಲ್ಲಿ ಓಟ, ಹಾಡು, ನಗು, ಮಕ್ಕಳ ನಡುವೆ ಗುರುಗಳು. ಹೊಸದರಲ್ಲಿ ಬೇಸರದಿಂದ ಗೋಡೆಗೊರಗಿದ ಹುಡುಗರು. ತಮ್ಮತಮ್ಮಲ್ಲೇ ಮಾತನಾಡಿಕೊಳ್ಳುತ್ತ ದೂರದಲ್ಲಿ ಅಡ್ಡಾಡುವ ಅಧ್ಯಾಪಕರು. ಅಧ್ಯಾಪಕರು ದುಡಿಯುತ್ತಿಲ್ಲವೆಂದು ಅವರು ದೂರಲಿಲ್ಲ. ಮಕ್ಕಳನ್ನು ಪ್ರೀತಿಸಿದರಷ್ಟೇ ಸಾಲದು, ತಾವು ಪ್ರೀತಿಸಲ್ಪಡುತ್ತಿದ್ದೇವೆಂಬುದು ಮಕ್ಕಳಿಗೆ ತಿಳಿಯಬೇಕೆಂದು ತಿಳಿಸಿದರು. ನೂರಾರು ಮಕ್ಕಳ ಮನೆಯನ್ನು ಕಟ್ಟಿದವರು, ಬಾಳಿನ ಸಂಜೆಯಲ್ಲಿ ಅದೇ ಮನೆಯು ಬರಿಯ ವಿದ್ಯಾಲಯವಾಗುವುದನ್ನು ದೂರದಿಂದ ಕಂಡು ಮರುಗಿದ ಪತ್ರವದು.

1888ರ ಜನವರಿ 31ರಂದು ಅವರು ಕಾಲವಾದರು. 1934ರಲ್ಲಿ ಕ್ಯಾಥೊಲಿಕ್ ಧರ್ಮಸಭೆಯು ಅವರನ್ನು ಸಂತರೆಂದು ಘೋಷಿಸಿತು. ಸಲೇಶಿಯನ್ನರು 1906ರಲ್ಲಿ ತಂಜಾವೂರಿಗೂ 1928ರಲ್ಲಿ ಮುಂಬಯಿಗೂ ಬಂದರು. ಅವರ ಶಾಲೆಗಳಲ್ಲಿ ದಿನಕ್ಕೊಮ್ಮೆ ಮಕ್ಕಳೆಲ್ಲರನ್ನೂ ಕೂಡಿಸಿ ಚಿಕ್ಕದಾಗಿ ಮಾತನಾಡುವ ವಾಡಿಕೆಯುಂಟು. ಅದು ವಲ್ದೊಕ್ಕೊವಿನ ಅಡುಗೆಮನೆಯಲ್ಲಿ, ಮಳೆಯಲ್ಲಿ ನೆನೆದು ಬಂದ ಹುಡುಗನಿಗೆ ಆ ಅಕ್ಷರ ಬಾರದ ತಾಯಿಯು ಹೇಳಿದ ನಾಲ್ಕು ಮಾತಿನಿಂದ ಬಂದುದೆಂದು ಅವರು ಹೇಳಿಕೊಳ್ಳುತ್ತಾರೆ.