ಕಿಟ್ಟೆಲ್ ಅಯ್ಯನವರು ಕನ್ನಡ ದೇಶವನ್ನು ಬೀಳ್ಕೊಂಡದ್ದು

ಬೆಂಗಳೂರಿನ ದಕ್ಷಿಣ ಪಾರ್ಶ್ವದಲ್ಲಿ ಬನಶಂಕರಿಗೆ ಸಮೀಪವಾಗಿ ಹೊಸಕೆರೆಹಳ್ಳಿ ಎಂಬ ಊರುಂಟು. ಪೂರ್ವದಲ್ಲಿ ಅದು ಹೊಲಗದ್ದೆಗಳ ನಡುವೆ ಇದ್ದ ಹಳ್ಳಿ. ಈಗಲಾದರೋ ಪಟ್ಟಣವು ಬೆಳೆದು ಅದನ್ನು ತನ್ನೊಳಗೆ ಸೇರಿಸಿಕೊಂಡಿದೆ. ಅಂಥ ಊರುಗಳಿಂದ ಕೆಲಸದ ನಿಮಿತ್ತ ಮಹಾತ್ಮ ಗಾಂಧಿ ರಸ್ತೆಯ ಕಡೆಗೆ ಹೋಗುವವರು ಅಲ್ಲಿ ಪರದೇಶೀಯರೊಬ್ಬರ ಪ್ರತಿಮೆಯನ್ನು ನೋಡಿರಬಹುದು. ಅದು ಅರಸನದಲ್ಲ, ಸೇನಾಪತಿಯದಲ್ಲ, ಧನವಂತನದೂ ಅಲ್ಲ. ಅದು ಬಾಸೆಲ್ ಮಿಶನಿನ ಬೋಧಕರಾಗಿದ್ದ ಫರ್ಡಿನಂಡ್ ಕಿಟ್ಟೆಲ್ ಅಯ್ಯನವರದು. ನಮ್ಮ ದೇಶಕ್ಕೆ ಹೊರಗಿನಿಂದ ಬಂದು, ಕೆಲವು ಕಾಲ ಇದ್ದು, ತಿರಿಗಿ ಹೋದವರು ಸಾವಿರಾರು ಮಂದಿ. ಅವರಲ್ಲಿ ಹೆಚ್ಚಿನವರ ಹೆಸರನ್ನು ಜನರು ಮರೆತಿದ್ದಾರೆ. ಇವರನ್ನು ಮಾತ್ರ ಮರೆಯಲಿಲ್ಲ. ಇದಕ್ಕೆ ಕಾರಣವೇನು? ಇವರು ಹೇಗೆ ಬಂದರು, ಹೇಗೆ ಇದ್ದರು, ಹೊರಡುವಾಗ ನಮ್ಮ ಕೈಯಲ್ಲಿ ಏನನ್ನು ಇಟ್ಟು ಹೋದರು ಎಂಬದನ್ನು ಕೇಳಿದರೆ ಆ ಕಾರಣವು ತಿಳಿಯುವದು.

ಕಿಟ್ಟೆಲ್ ಅಯ್ಯನವರು 1832ನೇ ಇಸವಿಯ ಏಪ್ರಿಲ್ ತಿಂಗಳಲ್ಲಿ ಜರ್ಮನಿ ದೇಶದ ಉತ್ತರ ಭಾಗದಲ್ಲಿ, ಸಮುದ್ರಕ್ಕೆ ಸಮೀಪವಾದ ರೆಸ್ಟರ್‌ಹಾಫೆ ಎಂಬ ಸಣ್ಣ ಊರಿನಲ್ಲಿ ಹುಟ್ಟಿದರು. ಇವರ ತಂದೆಯೂ ದೇವರ ವಾಕ್ಯವನ್ನು ಬೋಧಿಸುವವರೇ. ಅದೇ ವರುಷದಲ್ಲಿ ಇಲ್ಲಿ ನಮ್ಮ ಕಡೆ ಲಂಡನ್ ಮಿಶನಿನ ವಿಲಿಯಂ ರೀವ್ ಎಂಬ ಬೋಧಕರ ಕನ್ನಡ-ಇಂಗ್ಲಿಷ್ ಶಬ್ದಕೋಶವು ಮದ್ರಾಸಿನಲ್ಲಿ ಅಚ್ಚಾಗಿ ಬಂತು. ಸಮುದ್ರದ ಆಚೆಯಲ್ಲಿ ತೊಟ್ಟಿಲಲ್ಲಿ ಮಲಗಿದ್ದ ಕೂಸು ಮುಂದೆ ಬೆಳೆದು, ಆ ಕೆಲಸವನ್ನೇ ಇನ್ನೂ ವಿಸ್ತಾರವಾಗಿ ಮಾಡುವದೆಂದು ಆಗ ಯಾರು ಬಲ್ಲರು?

ಬಾಲ್ಯದಲ್ಲಿ ಗ್ರೀಕ್, ಲತೀನ್ ಮೊದಲಾದ ಭಾಷೆಗಳನ್ನು ಕಲಿತು, 1850ರಲ್ಲಿ ಇವರು ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದ ಮಿಶನ್ ಶಾಲೆಯನ್ನು ಸೇರಿದರು. 1853ರಲ್ಲಿ ಮಿಶನಿನವರು ಇವರನ್ನು ಕನ್ನಡ ದೇಶಕ್ಕೆ ಕಳುಹಿಸಿದರು. ಆಗ ಇವರಿಗೆ ಇಪ್ಪತ್ತೊಂದು ವರುಷ. ಬಾಸೆಲ್ ಮಿಶನಿನ ಬೋಧಕರು ಮಂಗಳೂರಿಗೆ ಮೊದಲು ಬಂದದ್ದು 1834ರಲ್ಲಿ. ಆದಕಾರಣ ಇವರು ಬರುವ ವೇಳೆಗೆ ಅಲ್ಲಿ ಸಭೆಯೂ ಶಾಲೆಯೂ ಅಚ್ಚುಕೂಟವೂ ಇದ್ದವು. ಆದರೂ ಆ ಕಾಲದ ಪ್ರಯಾಣವು ಸುಲಭವಾದದ್ದಲ್ಲ. ಸೂಯೆಜ್ ಕಾಲುವೆಯು ತೆರೆದದ್ದು 1869ರಲ್ಲಿ. ಅದಕ್ಕೆ ಮುಂಚೆ ಯೂರೋಪಿನಿಂದ ಬರುವವರು ಆಫ್ರಿಕಾ ಖಂಡವನ್ನೆಲ್ಲಾ ಸುತ್ತಿ ಬರಬೇಕಾಗಿತ್ತು; ಇಲ್ಲವಾದರೆ ಐಗುಪ್ತ ದೇಶದಲ್ಲಿ ಹಡಗಿನಿಂದ ಇಳಿದು, ನೆಲದ ದಾರಿಯಿಂದ ಕೆಂಪು ಸಮುದ್ರದ ತನಕ ಹೋಗಿ, ಅಲ್ಲಿ ಬೇರೊಂದು ಹಡಗನ್ನು ಹತ್ತಬೇಕಾಗಿತ್ತು. ಅಷ್ಟು ದೂರ ಮಗನನ್ನು ಕಳುಹಿಸುವ ತಂದೆತಾಯಿಗಳು ಅವನ ಮುಖವನ್ನು ಇನ್ನೊಮ್ಮೆ ನೋಡುವೆವೆಂಬ ಭರವಸೆಯಿಂದ ಕಳುಹಿಸುತ್ತಿರಲಿಲ್ಲ.

1854ರಲ್ಲಿ ಇವರು ಧಾರವಾಡದಲ್ಲಿದ್ದು ಕನ್ನಡವನ್ನು ಕಲಿಯುವದರಲ್ಲಿ ಮನಸ್ಸಿಟ್ಟರು. ಪೌಲನು ಗ್ರೀಕರಿಗೆ ಗ್ರೀಕನಂತಾದ ಹಾಗೆ, ಕನ್ನಡಿಗರ ಬಳಿಗೆ ಬಂದವನು ಕನ್ನಡಿಗನಂತೆಯೇ ಆಗಬೇಕು ಎಂಬದು ಇವರ ಅಭಿಪ್ರಾಯ. ಬರೀ ಪ್ರಸಂಗ ಮಾಡುವದಕ್ಕೆ ಸಾಕಾಗುವಷ್ಟು ಮಾತು ಕಲಿತು ಇವರು ತೃಪ್ತರಾಗಲಿಲ್ಲ. ಜನರ ನಡೆನುಡಿ, ಅವರ ಸಂಗೀತ, ಗಾದೆ, ಹಳೇ ಕಾವ್ಯ, ಇವೆಲ್ಲವನ್ನೂ ತಿಳಿಯಬೇಕೆಂದು ಆಶಿಸಿದರು. ಆದರೆ ಇದು ಜೊತೆಗೆಲಸದವರಿಗೆಲ್ಲಾ ಮೆಚ್ಚಿಗೆಯಾಗಲಿಲ್ಲ. ಅವರಲ್ಲಿ ಬಹುಮಂದಿ ಜರ್ಮನಿಯ ದಕ್ಷಿಣ ಭಾಗದವರು, ಇವರಾದರೋ ಉತ್ತರದವರು. ಅದಲ್ಲದೆ ಇವರು ಹೆಚ್ಚು ಓದಿದವರು. ಹೀಗಿರಲಾಗಿ ತಮ್ಮವರ ನಡುವೆಯೂ ಇವರು ಹೊರಗಿನವರಂತೆಯೇ ಇರಬೇಕಾಯಿತು. ಧಾರವಾಡ, ಮಂಗಳೂರು, ನೀಲಗಿರಿ, ಮಡಿಕೇರಿ ಎಂಬೀ ಸ್ಥಳಗಳಲ್ಲಿ ಇವರು ಸೇವೆಮಾಡಿದರು. ದೀಕ್ಷಾಸ್ನಾನ ಹೊಂದಿದವರ ಸಂಖ್ಯೆಯಿಂದಲೇ ಬೋಧಕನ ಕೆಲಸವನ್ನು ಅಳೆಯುವವರಿಗೆ ಇವರ ಕೆಲಸದಲ್ಲಿ ದೊಡ್ಡ ಫಲ ಕಾಣಲಿಲ್ಲ.

ಮನೆಯಲ್ಲಿಯೂ ಇವರಿಗೆ ದುಃಖ ತಪ್ಪಲಿಲ್ಲ. 1860ರಲ್ಲಿ ಪೌಲೀನ ಐಟ್ ಎಂಬವರನ್ನು ಮದುವೆಯಾದರು. ಆ ತಾಯಿ ನಾಲ್ಕು ವರುಷಗಳ ಮೇಲೆ, 1864ರಲ್ಲಿ ತೀರಿಹೋದರು. 1867ರಲ್ಲಿ ಅವರ ತಂಗಿ ಯೂಲಿಯವರನ್ನು ಅಯ್ಯನವರು ವಿವಾಹವಾದರು. ಪರದೇಶದಲ್ಲಿ ಬಾಳುವವನಿಗೆ ಸಾವಿನ ಮನೆಯಲ್ಲಿ ಸ್ವಂತ ನೆಂಟರ ಆಸರೆ ಇರುವದಿಲ್ಲ ಎಂಬದನ್ನು ನಮ್ಮಲ್ಲಿ ದೂರದೇಶಕ್ಕೆ ದುಡಿಯಲು ಹೋದವರು ಚೆನ್ನಾಗಿ ಬಲ್ಲರು.

ಇಷ್ಟೆಲ್ಲಾ ಆದರೂ ಕಿಟ್ಟೆಲ್ ಅಯ್ಯನವರು ಕನ್ನಡವನ್ನು ಬಿಡಲಿಲ್ಲ. 1862ರಲ್ಲಿ ಕ್ರಿಸ್ತನ ಚರಿತ್ರವನ್ನು ನಮ್ಮ ದೇಶದ ಛಂದಸ್ಸಿನಲ್ಲಿ ಹಾಡಿ, ಕಥಾಮಾಲೆ ಎಂಬ ಹೆಸರಿನಿಂದ ಪ್ರಕಟಿಸಿದರು. ಓಲೆಗರಿಗಳಲ್ಲಿ ಅಡಗಿದ್ದ ಹಳೇ ಗ್ರಂಥಗಳನ್ನು ಒಂದಕ್ಕೊಂದು ಹೋಲಿಸಿ ತಿದ್ದಿ ಅಚ್ಚಿಗೆ ಕೊಟ್ಟರು. ಕೇಶಿರಾಜನ ಶಬ್ದಮಣಿದರ್ಪಣವನ್ನು 1872ರಲ್ಲಿಯೂ, ನಾಗವರ್ಮನ ಛಂದೋಂಬುಧಿಯನ್ನು 1875ರಲ್ಲಿಯೂ ಹೊರಡಿಸಿದರು. ಮೊದಲನೆಯದು ಕನ್ನಡದ ವ್ಯಾಕರಣ. ಎರಡನೆಯದು ಪದ್ಯಗಳ ಲಕ್ಷಣವನ್ನು ಹೇಳುವ ಶಾಸ್ತ್ರ. ಪಂಡಿತರಿಗೆ ಮಾತ್ರ ದೊರೆಯುತ್ತಿದ್ದ ಈ ಗ್ರಂಥಗಳು ಹೀಗೆ ಶಾಲೆಯ ಹುಡುಗನ ಕೈಗೂ ಬರುವಂತಾದವು.

ಇವೆಲ್ಲಕ್ಕಿಂತಲೂ ದೊಡ್ಡ ಕೆಲಸವೊಂದು ಅನೇಕ ವರುಷಗಳಿಂದ ನಡೆಯುತ್ತಾ ಬಂತು. ಅದೇ ಕನ್ನಡ-ಇಂಗ್ಲಿಷ್ ಶಬ್ದಕೋಶ. ಅದರ ರೀತಿ ಏನಂದರೆ, ಒಂದು ಮಾತು ಸಿಕ್ಕಿದರೆ ಅದರ ಅರ್ಥವನ್ನು ಬರೆದು ಸುಮ್ಮನಾಗುವದಲ್ಲ. ಆ ಮಾತು ಯಾವ ಕಾವ್ಯದಲ್ಲಿ ಬಂದಿದೆ, ಯಾವ ಗಾದೆಯಲ್ಲಿ ಬಂದಿದೆ ಎಂದು ಸಾಕ್ಷಿಯನ್ನು ತೋರಿಸುವದು. ತಮಿಳು, ತೆಲುಗು, ಮಲೆಯಾಳ, ತುಳು ಭಾಷೆಗಳಲ್ಲಿ ಅದರ ಅಣ್ಣತಮ್ಮಂದಿರು ಯಾರು ಎಂದು ವಿಚಾರಿಸುವದು. ಒಂದೊಂದು ಮಾತಿಗೂ ನ್ಯಾಯಸ್ಥಾನದಲ್ಲಿ ಹೇಗೋ ಹಾಗೆ ವಿಚಾರಣೆ. ಇದು ಒಬ್ಬನಿಂದಾಗುವ ಕೆಲಸವಲ್ಲ. ಈ ದೇಶದ ಪಂಡಿತರು ಕೂತು ಅರ್ಥ ಹೇಳಿದರು. ಗಾದೆಗಳನ್ನೋ ಉಳುವವರೂ ನೇಯುವವರೂ ಹೆಂಗಸರೂ ತಲೆತಲಾಂತರದಿಂದ ಬಾಯಲ್ಲಿ ಕಾಪಾಡಿಕೊಂಡು ಬಂದಿದ್ದರು.

1877ರಲ್ಲಿ ಅಯ್ಯನವರು ಸ್ವದೇಶಕ್ಕೆ ಹೋದರು. ಇಷ್ಟು ವರುಷ ದುಡಿದವರು ಅಲ್ಲಿಯೇ ನೆಲಸಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ. ಆದರೆ ಶಬ್ದಕೋಶವು ಇನ್ನೂ ಮುಗಿದಿರಲಿಲ್ಲ. 1883ರಲ್ಲಿ, ಐವತ್ತು ವರುಷ ದಾಟಿದವರು, ತಿರಿಗಿ ಕನ್ನಡ ದೇಶಕ್ಕೆ ಬಂದರು. ಯೌವನದಲ್ಲಿ ಮನೆಯನ್ನು ಬಿಟ್ಟು ಹೊರಡುವದು ಒಂದು. ದಾರಿಯ ಕಷ್ಟವೂ ಪರದೇಶದ ದುಃಖವೂ ಎಂಥದ್ದೆಂದು ತಿಳಿದ ಮೇಲೆ ಪುನಃ ಹೊರಡುವದು ಮತ್ತೊಂದು. ಕೈಗೆತ್ತಿಕೊಂಡ ಕೆಲಸವನ್ನು ಅರ್ಧದಲ್ಲಿ ಬಿಡಬಾರದೆಂಬ ಮಾತಿಗೆ ಈ ಪ್ರಯಾಣಕ್ಕಿಂತ ಒಳ್ಳೇ ದೃಷ್ಟಾಂತವು ಬೇಕಿಲ್ಲ.

ಹೀಗೆ ಇನ್ನೂ ಒಂಭತ್ತು ವರುಷಗಳಾದವು. 1892ರಲ್ಲಿ ಕಡೇ ಅಗಲಿಕೆಯ ಕಾಲ ಬಂತು. ಅಯ್ಯನವರಿಗೆ ಆಗ ಅರುವತ್ತು ವರುಷ. ಮೊದಲು ಬಂದಾಗ ಇವರು ಹಡಗಿನಿಂದ ಇಳಿದದ್ದು ಗುರುತಿಲ್ಲದ ದೇಶದಲ್ಲಿ. ಈಗ ಬಿಟ್ಟು ಹೊರಟದ್ದು ಹುಟ್ಟಿದ ಊರಿಗಿಂತಲೂ ಹೆಚ್ಚು ಕಾಲ ಬಾಳಿದ ದೇಶವನ್ನು. ಎಫೆಸದ ಹಿರಿಯರು ಪೌಲನನ್ನು ಹಡಗಿನ ತನಕ ಸಾಗಕಳುಹಿಸಿ, ಇನ್ನು ಮೇಲೆ ಅವನ ಮುಖವನ್ನು ನೋಡಲಾರೆವೆಂದು ಅತ್ತ ಸಂಗತಿಯನ್ನು ನಾವು ಅಪೊಸ್ತಲರ ಕೃತ್ಯಗಳಲ್ಲಿ ಓದುತ್ತೇವಲ್ಲಾ. ವಯಸ್ಸಾದ ಬೋಧಕನು ಸಮುದ್ರದ ಆಚೆಗೆ ಹೊರಟಾಗ, ಕಳುಹಿಸುವವರಿಗೂ ಹೋಗುವವನಿಗೂ ಅದೇ ನಿಶ್ಚಯ. ಹಾಗೆಯೇ ಆಯಿತು, ಅಯ್ಯನವರು ಕನ್ನಡ ದೇಶವನ್ನು ಮತ್ತೆ ನೋಡಲಿಲ್ಲ.

ಇಲ್ಲಿ ನಾವು ಸ್ವಲ್ಪ ಯೋಚಿಸಬೇಕು. ಆ ದಿನ ಯಾರಾದರೂ ಇವರ ಬಾಳಿನ ಲೆಕ್ಕ ನೋಡಿದ್ದರೆ ಏನು ಕಾಣುತ್ತಿತ್ತು? ಇವರ ಹೆಸರು ಹೇಳುವ ದೊಡ್ಡ ಸಭೆಯಿಲ್ಲ. ಜೊತೆಗೆಲಸದವರ ಪೂರ್ಣ ಮೆಚ್ಚಿಗೆಯಿಲ್ಲ. ಇಷ್ಟು ವರುಷಗಳ ಶಬ್ದಕೋಶವು ಇನ್ನೂ ಪುಸ್ತಕವಾಗಿ ಜನರ ಕೈಗೆ ಬಂದಿಲ್ಲ. ಬಿತ್ತಿದವನು ಪೈರನ್ನು ಕೊಯ್ಯುವ ಮೊದಲೇ ಹೊಲವನ್ನು ಬಿಟ್ಟು ಹೊರಟಂತೆಯೇ ಇತ್ತು.

ಆದರೆ ಆ ಲೆಕ್ಕವು ಸರಿಯಾದದ್ದಲ್ಲ. ಟ್ಯೂಬಿಂಗನ್ ಪಟ್ಟಣದಲ್ಲಿ ನೆಲಸಿ, 1893ರಲ್ಲಿ ಅಯ್ಯನವರು ಶಬ್ದಕೋಶಕ್ಕೆ ಮುನ್ನುಡಿಯನ್ನು ಬರೆದರು. 1894ರಲ್ಲಿ ಆ ಗ್ರಂಥವು ಮಂಗಳೂರಿನಲ್ಲಿ ಬಾಸೆಲ್ ಮಿಶನಿನವರಿಂದ ಪ್ರಕಟವಾಯಿತು. ಪುಟಗಳು 1,752, ಶಬ್ದಗಳು ಸುಮಾರು 70,000. 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯವು ಇವರಿಗೆ ಡಾಕ್ಟರ್ ಎಂಬ ಗೌರವ ಪದವಿಯನ್ನು ಕೊಟ್ಟಿತು. ಅಲ್ಲಿಗೂ ಇವರು ಕೈಕಟ್ಟಿ ಕೂತುಕೊಳ್ಳಲಿಲ್ಲ. ಕನ್ನಡ ಭಾಷೆಯ ವ್ಯಾಕರಣವೊಂದನ್ನು ಇಂಗ್ಲಿಷಿನಲ್ಲಿ ಬರೆದು 1903ರಲ್ಲಿ ಹೊರಡಿಸಿದರು. ಅದೇ ವರುಷದ ಡಿಸೆಂಬರ್ ತಿಂಗಳಲ್ಲಿ, ಎಪ್ಪತ್ತೊಂದು ವರುಷದವರಾಗಿ, ಟ್ಯೂಬಿಂಗನ್ನಿನಲ್ಲಿಯೇ ತೀರಿಕೊಂಡರು. ಶರೀರದಿಂದ ಕನ್ನಡ ದೇಶವನ್ನು ಬಿಟ್ಟು ಹನ್ನೊಂದು ವರುಷವಾಗಿದ್ದರೂ ಕೆಲಸದಿಂದ ಅದನ್ನು ಬಿಟ್ಟಿರಲಿಲ್ಲ.

ಪುಸ್ತಕವು ಬರೆದವರಿಗಿಂತ ಹೆಚ್ಚು ಕಾಲ ಬಾಳಿತು. ಮದ್ರಾಸು ವಿಶ್ವವಿದ್ಯಾಲಯದವರು ಮರಿಯಪ್ಪ ಭಟ್ಟರಿಂದ ಅದನ್ನು ಪರಿಷ್ಕರಿಸಿ, 1968ರಿಂದ ಮೊದಲ್ಗೊಂಡು ನಾಲ್ಕು ಸಂಪುಟಗಳಲ್ಲಿ ಹೊರಡಿಸಿದರು. ಈ ದಿನವೂ ಹಳೇ ಮಾತೊಂದರ ಅರ್ಥ ಸಂಶಯವಾದಾಗ, ಯಾವ ಮತದವರಾದರೂ ಸರಿ, ಓದಿದವರು ಕಿಟ್ಟೆಲ್ ಏನು ಹೇಳಿದ್ದಾರೆಂದು ತೆರೆದು ನೋಡುವರು.

ಪ್ರಿಯರೇ, ಪರದೇಶದಲ್ಲಿ ಬಾಳುವವನು ಆ ದೇಶಕ್ಕೆ ಸಾಲಗಾರನು. ಅಲ್ಲಿಯ ನೀರು ಕುಡಿಯುತ್ತಾನೆ, ಅಲ್ಲಿಯವರ ಮಾತನ್ನು ಕಲಿತು ಅದರಿಂದಲೇ ಜೀವಿಸುತ್ತಾನೆ. ಹೊರಡುವ ದಿನ ಕಣ್ಣೀರು ಸುರಿಸಿ ಕೈಮುಗಿದರೆ ಆ ಸಾಲವು ತೀರುವದಿಲ್ಲ. ಕಿಟ್ಟೆಲ್ ಅಯ್ಯನವರು ನಮ್ಮ ಜನರ ಬಾಯಿಂದ ಮಾತುಗಳನ್ನು ಸಾಲವಾಗಿ ತೆಗೆದುಕೊಂಡರು. ಅವುಗಳನ್ನು ಒಂದನ್ನೂ ಕೆಡಿಸದೆ, ಸಾಕ್ಷಿಸಹಿತವಾಗಿ ಲೆಕ್ಕ ಬರೆದು, ತಿರಿಗಿ ನಮಗೇ ಒಪ್ಪಿಸಿದರು. ಇದೇ ಅವರು ನಮಗೆ ಹೇಳಿದ ನಿಜವಾದ ಬೀಳ್ಕೊಡುಗೆಯ ಮಾತು. ಅವರನ್ನು ಈ ದೇಶವು ಮರೆಯದೆ ಇರುವದಕ್ಕೆ ಕಾರಣವೂ ಇದೇ.

ಮೊದಲು ಹೇಳಿದ ಊರಿನ ಹೆಸರನ್ನೇ ನೋಡಿರಿ. ಹೊಸ, ಕೆರೆ, ಹಳ್ಳಿ. ಮೂರು ಮಾತುಗಳೂ ಆ ಶಬ್ದಕೋಶದಲ್ಲಿ ಉಂಟು. ಹೊಸ ಎಂಬದು ಪೂರ್ವದಲ್ಲಿ ಪೊಸ ಎಂದಿತ್ತು, ಹಳ್ಳಿ ಎಂಬದು ಪಳ್ಳಿ ಎಂದಿತ್ತು. ಕೆರೆಯ ದಂಡೆಯಲ್ಲಿ ಎಮ್ಮೆ ತೊಳೆಯುತ್ತಿದ್ದ ಹುಡುಗನು ದಿನವೂ ಆಡುತ್ತಿದ್ದ ಮಾತಿಗೆ ಅಷ್ಟು ಹಳೇ ವಂಶಾವಳಿ ಇದೆಯೆಂದು ದೂರದೇಶದವರೊಬ್ಬರು ಕಷ್ಟಪಟ್ಟು ಬರೆದಿಟ್ಟರು. ಹಳ್ಳಿಯವರ ನುಡಿ ಒರಟು, ಅದು ಬರೆಯುವದಕ್ಕೆ ತಕ್ಕದ್ದಲ್ಲ ಎಂದು ನಾಚಿಕೊಳ್ಳುವ ನಮ್ಮ ಮಕ್ಕಳಿಗೆ ಇದನ್ನು ಹೇಳಿಕೊಡಿರಿ.

ಇನ್ನು ನಿಮ್ಮಲ್ಲಿ ಯಾರ ಮಗನಾದರೂ ಮಗಳಾದರೂ ಜೀವನಕ್ಕಾಗಿ ಬೇರೆ ದೇಶದಲ್ಲಿದ್ದರೆ, ಅವರು ತಿರಿಗಿ ಬರುವ ಕಾಲದಲ್ಲಿ ಏನನ್ನು ತರುವರೆಂದು ಮಾತ್ರ ಕೇಳಬೇಡಿರಿ. ಇದ್ದ ಊರಿನಲ್ಲಿ ಏನನ್ನು ಬಿಟ್ಟು ಬರುವರೆಂದೂ ಕೇಳಿರಿ. ಅಲ್ಲಿಯ ನೆರೆಯವರು ಅವರನ್ನು ಒಳ್ಳೇ ಹೆಸರಿನಿಂದ ನೆನಸುವದಾದರೆ, ಆ ಪ್ರಯಾಣವು ಸಫಲವಾಯಿತೆಂದು ತಿಳಿಯಿರಿ.