ರೇಡಿಯೊ ಅಂಗಡಿಯ ರಾಮ್ಸೆ ಮತ್ತು ನಮ್ಮ ಅಟ್ಟದ ಮೇಲಿನ ದೆವ್ವಗಳು

ಗಂಗಾವತಿಯ ನಮ್ಮ ಹಳೇ ಮನೆ ಕೆಡವೋ ಮುಂಚೆ ಅಟ್ಟದ ಮೇಲಿನ ಟ್ರಂಕು ಕೆಳಗಿಳಿಸಿದೆವು. ಒಳಗೆ ನಲವತ್ತಕ್ಕೂ ಹೆಚ್ಚು ವಿಡಿಯೊ ಕ್ಯಾಸೆಟ್. ಎಂಬತ್ತರ ದಶಕದ ಕೊನೆಗೆ ನಮ್ಮ ಕಾಕಾ ಟಿವಿ, ವಿಸಿಆರ್ ಬಾಡಿಗೆಗೆ ಕೊಡ್ತಿದ್ದರು. ಗಣಪತಿ ಹಬ್ಬ, ಜಾತ್ರೆ, ಮದುವೆ ಅಂದರೆ ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳಿಂದ ಕರೆ ಬರೋದು. ಸಾಮಾನೆಲ್ಲ ಬಸ್ಸಿನ ಮೇಲೆ ಹಾಕ್ಕೊಂಡು ಹೋಗಿ, ರಾತ್ರಿಯಿಡೀ ಮೂರು ಸಿನಿಮಾ ತೋರಿಸಿ, ಬೆಳಗಿನ ಬಸ್ಸಿಗೆ ವಾಪಸ್. ಮೊದಲು ಭಕ್ತಿ ಸಿನಿಮಾ, ಆಮೇಲೆ ರಾಜಕುಮಾರ್, ಹುಡುಗರೆಲ್ಲ ಮಲಗಿದ ಮೇಲೆ ದೆವ್ವದ್ದು. ಹುಡುಗರು ಮಲಗಿದಂಗೆ ಮಾಡ್ತಿದ್ದರೇ ಹೊರತು ಯಾರೂ ಮಲಗ್ತಿರಲಿಲ್ಲ ಅಂತ ಕಾಕಾ ಹೇಳಿ ನಗ್ತಿದ್ದರು.

ಗುಜರಿಯವ ಬಂದು ಟ್ರಂಕಿನ ತಗಡಿಗೆ ಒಂದು ರೇಟು, ಕ್ಯಾಸೆಟ್ಟಿನ ಪ್ಲಾಸ್ಟಿಕ್ಕಿಗೆ ಒಂದು ರೇಟು ಹೇಳಿದ. ತಕ್ಕಡಿಗೆ ಹಾಕೋ ಮುಂಚೆ ಒಂದನ್ನ ಎತ್ತಿ ನೋಡಿದೆ. ಕವರ್ ಇರಲಿಲ್ಲ. ಚೀಟಿಯ ಮೇಲೆ ಕಾಕಾ ಕೈಬರಹದಲ್ಲಿ ‘ಪುರಾನಾ ಮಂದಿರ್’, ಅದರ ಪಕ್ಕಕ್ಕೆ ಗುರುತಿಗೆ ಅಂತ ದೆವ್ವ ಎಂಬ ಒಂದು ಪದ.

ಆ ಸಿನಿಮಾದ ಜೊತೆಗೆ ಬರುವ ಹೆಸರು ರಾಮ್ಸೆ. ಸಣ್ಣವನಿದ್ದಾಗ ನಾನು ಅದನ್ನ ಯಾವುದೋ ಇಂಗ್ಲಿಷ್ ಕಂಪನಿ ಅಂದ್ಕೊಂಡಿದ್ದೆ. ಆ ಹೆಸರಿನ ಹಿಂದೆ ಇದ್ದದ್ದು ಒಬ್ಬ ಸಿಂಧಿ ರೇಡಿಯೊ ವ್ಯಾಪಾರಿ ಅಂತ ಗೊತ್ತಾಗೋ ಹೊತ್ತಿಗೆ ನಾನು ಎಲೆಕ್ಟ್ರಾನಿಕ್ಸ್ ಓದಿ, ಆ ಕೆಲಸ ಬಿಟ್ಟು, ಪತ್ರಿಕೋದ್ಯಮಕ್ಕೆ ಬಂದಾಗಿತ್ತು.

ಅವರ ಪೂರ್ತಿ ಹೆಸರು ಫತೇಚಂದ್ ಉತ್ತಮ್‌ಚಂದ್ ರಾಮ್‌ಸಿಂಘಾನಿ. ಕರಾಚಿಯಲ್ಲಿ ರೇಡಿಯೊ ಅಂಗಡಿ. ಗಿರಾಕಿಗಳಲ್ಲಿ ಬ್ರಿಟಿಷರೂ ಇದ್ದರು. ಅಷ್ಟುದ್ದದ ಹೆಸರು ಅವರ ನಾಲಿಗೆಗೆ ಹೊರಳದೆ ರಾಮ್ಸೆ ಅಂತ ಮೊಟಕಾಯಿತು ಅನ್ನುತ್ತಾರೆ. ಬ್ರಿಟಿಷರು ಹೋದರೂ ಹೆಸರು ಉಳಿಯಿತು. ಮುಂದೆ ಮನೆಮಂದಿಯೆಲ್ಲ ಅದೇ ಹೆಸರಿನಿಂದ ಗುರುತಾದರು.

1947ರ ದೇಶ ವಿಭಜನೆಯಲ್ಲಿ ಕರಾಚಿ ಬಿಟ್ಟು ಮುಂಬೈಗೆ ಬಂದರು. ಊರು ಬಿಡೋದು ಅಂದರೇನು ಅಂತ ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಅದೇ ಕಾಲಕ್ಕೆ ನಿಜಾಮರ ರಾಜ್ಯದಲ್ಲಿದ್ದ ಕೊಪ್ಪಳ, ಕುಷ್ಟಗಿ, ಯಲಬುರ್ಗಾದ ಎಷ್ಟೋ ಮನೆತನಗಳು ರಜಾಕಾರರ ಕಾಟಕ್ಕೆ ಗಡಿ ದಾಟಿ ಮುಂಡರಗಿ, ಗಜೇಂದ್ರಗಡದ ಕಡೆ ಹೋಗಿದ್ದವು. 1948ರ ಸೆಪ್ಟೆಂಬರ್ ಆದಮೇಲೆ ನಮ್ಮವರು ವಾಪಸ್ ಬಂದರು. ರಾಮ್ಸೆಗೆ ವಾಪಸ್ ಹೋಗಲು ಊರಿರಲಿಲ್ಲ. ಮುಂಬೈನ ಲ್ಯಾಮಿಂಗ್ಟನ್ ರೋಡಿನಲ್ಲಿ ಮತ್ತೆ ರೇಡಿಯೊ ಅಂಗಡಿ ಹಾಕಿದರು. ಎಲೆಕ್ಟ್ರಾನಿಕ್ಸ್ ಓದಿದವರಿಗೆ ಈ ರಸ್ತೆ ಗೊತ್ತು. ಬೆಂಗಳೂರಿಗೆ ಎಸ್.ಪಿ. ರೋಡ್ ಹೇಗೋ ಮುಂಬೈಗೆ ಲ್ಯಾಮಿಂಗ್ಟನ್ ರೋಡ್ ಹಾಗೆ. ಸಿನಿಮಾ ಹಂಚಿಕೆದಾರರ ಕಚೇರಿಗಳಿರುವ ನಾಝ್ ಕಟ್ಟಡ ಇರೋದೂ ಅದೇ ರಸ್ತೆಯಲ್ಲೇ. ರೇಡಿಯೊ ಮಾರುವವನಿಗೆ ಸಿನಿಮಾದ ಗಾಳಿ ಸೋಕೋಕೆ ಇನ್ನೇನು ಬೇಕು?

ಅವರು ದೆವ್ವದ ಸಿನಿಮಾ ಮಾಡಬೇಕಂತ ಬಂದವರಲ್ಲ. 1954ರಲ್ಲಿ ಭಗತ್ ಸಿಂಗ್ ಕುರಿತ ‘ಶಹೀದ್-ಎ-ಆಜಮ್ ಭಗತ್ ಸಿಂಗ್’ ನಿರ್ಮಿಸಿದರು. 1963ರಲ್ಲಿ ‘ರುಸ್ತುಂ ಸೊಹ್ರಾಬ್’. ಪೃಥ್ವಿರಾಜ್ ಕಪೂರ್, ಸುರೈಯಾ ಇದ್ದ ದೊಡ್ಡ ಚಿತ್ರ. ಸುರೈಯಾ ನಟಿಸಿದ ಕೊನೆಯ ಸಿನಿಮಾವೂ ಅದೇ. 1970ರಲ್ಲಿ ಮತ್ತೆ ಪೃಥ್ವಿರಾಜರನ್ನೇ ಹಾಕಿಕೊಂಡು ‘ಏಕ್ ನನ್ಹೀ ಮುನ್ನೀ ಲಡ್ಕೀ ಥೀ’ ಮಾಡಿದರು. ಅದು ಮಲಗಿತು. ಮನೆಯಲ್ಲಿ ಏಳು ಗಂಡು ಮಕ್ಕಳು, ಕೈ ಖಾಲಿ.

ಕಥೆ ತಿರುಗಿದ್ದು ಇಲ್ಲಿ. ಆ ಸೋತ ಸಿನಿಮಾದಲ್ಲಿ ಪೃಥ್ವಿರಾಜ್ ಭಯಾನಕ ಮುಖವಾಡ ತೊಟ್ಟು ಕಳವಿಗೆ ಬರುವ ಒಂದು ಸನ್ನಿವೇಶವಿದೆ. ತುಳಸಿ, ಶ್ಯಾಮ್ ಎಂಬ ಇಬ್ಬರು ಮಕ್ಕಳು ಚಿತ್ರಮಂದಿರದಲ್ಲಿ ಕೂತು ಪರದೆ ಬಿಟ್ಟು ಜನರನ್ನ ನೋಡಿದರು. ಉಳಿದಂತೆ ಆಕಳಿಸುತ್ತಿದ್ದ ಜನ ಆ ಒಂದು ಸನ್ನಿವೇಶಕ್ಕೆ ಕುರ್ಚಿ ತುದಿಗೆ ಬರ್ತಿದ್ದರು. ಹಂಗಾದರೆ ಸಿನಿಮಾ ಪೂರ್ತಿ ಅದೇ ಇದ್ದರೆ ಏನಾದೀತು ಅಂತ ಅಪ್ಪನ ಮುಂದಿಟ್ಟರು. ಅಪ್ಪ ಅನುಮಾನಪಟ್ಟು, ಆಮೇಲೆ ಒಪ್ಪಿದರು. ಎಂಜಿನಿಯರಿಂಗ್ ಭಾಷೆಯಲ್ಲಿ ಹೇಳೋದಾದರೆ ಇಡೀ ಸರ್ಕೀಟು ಸುಟ್ಟಿದ್ದರೂ ಅದರಲ್ಲಿ ಕೆಲಸ ಮಾಡ್ತಿದ್ದ ಒಂದೇ ಬಿಡಿಭಾಗವನ್ನ ಹುಡುಕಿ ತೆಗೆದರು.

ಕೂಲಿಗೆ ತಂತ್ರಜ್ಞರನ್ನ ಕರೆಯೋಕೆ ದುಡ್ಡಿಲ್ಲ. ಅಂದಮೇಲೆ ಮಕ್ಕಳೇ ತಂತ್ರಜ್ಞರಾಗಬೇಕು. ರಾಮ್ಸೆ ಅವರನ್ನೆಲ್ಲ ಕಾಶ್ಮೀರಕ್ಕೆ ಕರೆದೊಯ್ದು, ದೋಣಿಮನೆಯಲ್ಲಿಟ್ಟು, ಜೋಸೆಫ್ ಮಸೆಲ್ಲಿ ಬರೆದ ಛಾಯಾಗ್ರಹಣದ ಪಠ್ಯಪುಸ್ತಕವೊಂದನ್ನ ಪಾಠ ಮಾಡಿಸಿದರು. ಕ್ಯಾಮೆರಾ ಹಿಡಿದು ಮಾಡಿ ನೋಡೋದು, ತಪ್ಪು ತಿದ್ದೋದು. ಗ್ಯಾರೇಜಿನಲ್ಲಿ ಹುಡುಗರಿಗೆ ಕೆಲಸ ಕಲಿಸೋ ಪದ್ಧತಿಯೇ ಅದು. ಕೊನೆಗೆ ಕುಮಾರ್ ಕಥೆಗೆ, ಗಂಗು ಕ್ಯಾಮೆರಾಗೆ, ಕಿರಣ್ ಧ್ವನಿಗೆ, ಅರ್ಜುನ್ ಸಂಕಲನಕ್ಕೆ, ತುಳಸಿ–ಶ್ಯಾಮ್ ನಿರ್ದೇಶನಕ್ಕೆ, ಕೇಶು ಕ್ಯಾಮೆರಾ, ನಿರ್ಮಾಣ ಎರಡಕ್ಕೂ ನಿಂತರು.

1972ರ ‘ದೋ ಗಜ್ ಜಮೀನ್ ಕೆ ನೀಚೆ’ ಹಾಗೆ ಹುಟ್ಟಿತು. ಹತ್ತು ಹದಿನೈದು ಜನ ಬಸ್ಸು ಹತ್ತಿ ಮಹಾಬಳೇಶ್ವರಕ್ಕೆ ಹೋದರು. ಸ್ಟುಡಿಯೊ ಸೆಟ್ ಇಲ್ಲ. ಅಲ್ಲಿನ ಅತಿಥಿಗೃಹವೇ ಮನೆ, ಅದೇ ದೆವ್ವದ ಬಂಗಲೆ. ಅಡುಗೆ ಮನೆಯ ಹೆಣ್ಣುಮಕ್ಕಳದ್ದು. ಸುಮಾರು 40 ದಿನ, ಮೂರೂವರೆ ಲಕ್ಷದ ಆಸುಪಾಸಿನ ಖರ್ಚು. ಸಿನಿಮಾ ಓಡಿತು. ಅಲ್ಲಿಂದ ಮುಂದೆ ‘ದರ್ವಾಜಾ’, ‘ಔರ್ ಕೌನ್’, ‘ಗೆಸ್ಟ್ ಹೌಸ್’, ‘ದಹಶತ್’, ‘ಹೋಟೆಲ್’ ಸಾಲುಗಟ್ಟಿದವು. ದೊಡ್ಡ ತಾರೆಗಳಿಲ್ಲ, ವಿದೇಶದ ಹಾಡಿಲ್ಲ. ಮಂಜು, ಹಳೇ ಹವೇಲಿ, ಕಿರ್‌ ಅನ್ನೋ ಬಾಗಿಲು, ರಬ್ಬರ್ ಮುಖ. ಮುಂಬೈನ ಮರ್ಯಾದಸ್ಥ ಸಿನಿಮಾ ಮಂದಿ ಇವರನ್ನ ಪಂಕ್ತಿಯಲ್ಲಿ ಕೂರಿಸಿಕೊಳ್ಳಲಿಲ್ಲ. ವಿಮರ್ಶಕರು ತಿರುಗಿಯೂ ನೋಡಲಿಲ್ಲ. ಅವರ ಹೊಟ್ಟೆ ತುಂಬಿಸಿದ್ದು ಸಣ್ಣ ಊರಿನ ಟಾಕೀಸುಗಳು, ಅಂದರೆ ನಾವು.

1984ರಲ್ಲಿ ‘ಪುರಾನಾ ಮಂದಿರ್’ ಬಂತು. ಸಾಮ್ರಿ ಎಂಬ ದುಷ್ಟನ ತಲೆ ಕಡಿದು, ತಲೆಯನ್ನ ಒಂದು ಪೆಟ್ಟಿಗೆಯಲ್ಲಿ, ಮುಂಡವನ್ನ ಬೇರೆಡೆ ಬಂದಿ ಮಾಡುವ ಕಥೆ. ರಾಮ್ಸೆ ಹೆಸರಿನ ಅತಿ ದೊಡ್ಡ ಗೆಲುವು ಇದೇ. ಸಾಮ್ರಿಯಾಗಿ ನಟಿಸಿದ ಅನಿರುದ್ಧ್ ಅಗರ್‌ವಾಲ್ ರೂರ್ಕಿಯಲ್ಲಿ ಓದಿದ ಸಿವಿಲ್ ಎಂಜಿನಿಯರ್. ಎಂಜಿನಿಯರಿಂಗ್ ಬಿಟ್ಟು ಬೇರೆ ಕೆಲಸ ಹಿಡಿದವರ ಪಟ್ಟಿಯಲ್ಲಿ ನನಗೆ ಅತ್ಯಂತ ಪ್ರೀತಿಯ ಹೆಸರು ಅದು. ನಾಯಕನ ಗೆಳೆಯನಾಗಿದ್ದ ಪುನೀತ್ ಇಸ್ಸಾರ್ ಮುಂದೆ ಬಿ.ಆರ್. ಚೋಪ್ರಾರ ‘ಮಹಾಭಾರತ’ದಲ್ಲಿ ದುರ್ಯೋಧನನಾಗಿ ಮನೆಮನೆಗೂ ಬಂದರು.

ಈ ಸಿನಿಮಾಗಳನ್ನ ಹೊಗಳಿ ಅಟ್ಟಕ್ಕೇರಿಸೋದು ನನ್ನ ಉದ್ದೇಶವಲ್ಲ. ಹೆಣ್ಣಿನ ಮೈಯನ್ನ ಕ್ಯಾಮೆರಾ ನೋಡೋ ರೀತಿ ಇವತ್ತು ಕಸಿವಿಸಿ ಮಾಡುತ್ತೆ. ಕುರೂಪಿ ಅಂದರೆ ದುಷ್ಟ ಅನ್ನೋ ಲೆಕ್ಕಾಚಾರವೂ ಅಷ್ಟೇ. ಕಥೆ ನಡುವೆ ತುರುಕಿದ ಹಾಸ್ಯ ಕೆಲವು ಕಡೆ ದೆವ್ವಕ್ಕಿಂತ ಹೆದರಿಸುತ್ತೆ. ಆದರೂ ಒಂದು ಕಾಲದ ಸಣ್ಣ ಊರಿನ ಜನ ಕತ್ತಲಲ್ಲಿ ಕೂತು ಯಾವುದಕ್ಕೆ ಹೆದರ್ತಿದ್ದರು, ಯಾವುದಕ್ಕೆ ಸಿಳ್ಳೆ ಹೊಡೀತಿದ್ದರು ಅನ್ನೋದು ಪ್ರಶಸ್ತಿ ಗೆದ್ದ ಸಿನಿಮಾಗಳಲ್ಲಿ ಸಿಗೋದಿಲ್ಲ. ಅದಕ್ಕೆ ಇವೇ ಬೇಕು.

1982ರ ಏಷ್ಯನ್ ಗೇಮ್ಸ್ ಹೊತ್ತಿಗೆ ದೇಶಕ್ಕೆ ಬಣ್ಣದ ಟಿವಿ ಬಂತು, ಅದರ ಬೆನ್ನಿಗೇ ವಿಸಿಆರ್ ಹರಡಿತು. ಟಾಕೀಸಿನ ರೀಲು ಬರೋ ಮುಂಚೆ ಕಳ್ಳ ಕ್ಯಾಸೆಟ್ ಬರೋ ಕಾಲ ಅದು. ಕಾಟ ಎಷ್ಟಿತ್ತೆಂದರೆ 1984ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ತಿದ್ದುಪಡಿ ತಂದು ವಿಡಿಯೊ ನಕಲನ್ನೂ ಅದರೊಳಗೆ ತರಬೇಕಾಯಿತು. ನಿರ್ಮಾಪಕನ ಜೇಬಿಗೆ ಇದರಿಂದ ಹೊಡೆತವೇ. ವಿಚಿತ್ರ ಏನಂದರೆ ರಾಮ್ಸೆ ಸಿನಿಮಾಗಳು ಎರಡನೇ ಜೀವ ಪಡೆದದ್ದೂ ಇದೇ ಕ್ಯಾಸೆಟ್ಟುಗಳಿಂದ. ಟಾಕೀಸಿಗೆ ಹೆಂಗಸರು, ಮಕ್ಕಳು ದೆವ್ವದ ಸಿನಿಮಾಗೆ ಹೋಗೋದು ಕಷ್ಟವಿತ್ತು. ಗುಡಿ ಮುಂದಿನ ಕಟ್ಟೆಯ ಮೇಲಿಟ್ಟ ಟಿವಿಗೆ ಆ ಅಡ್ಡಿ ಇರಲಿಲ್ಲ.

ಎಫ್.ಯು. ರಾಮ್ಸೆ 1989ರಲ್ಲಿ ತೀರಿಕೊಂಡರು. 1990ರ ‘ಬಂದ್ ದರ್ವಾಜಾ’ ಅವರು ನೋಡಲಿಲ್ಲ. 1993ರಲ್ಲಿ ಝೀ ಟಿವಿಯಲ್ಲಿ ಮಕ್ಕಳು ಶುರುಮಾಡಿದ ಹಾರರ್ ಶೋ ನೋಡಲಿಲ್ಲ. ನನ್ನ ತಲೆಮಾರಿನವರು ರಾಮ್ಸೆಗೆ ಹೆದರಿದ್ದು ಮುಖ್ಯವಾಗಿ ಆ ಶೋ ಮೂಲಕ. ಸೋದರರಲ್ಲಿ ತುಳಸಿ 2018ರಲ್ಲಿ, ಶ್ಯಾಮ್ 2019ರಲ್ಲಿ ಹೋದರು.

ರಾಮ್ಸೆ ನೋಡದೆ ಹೋದದ್ದು ಇನ್ನೊಂದಿದೆ. ಪೀಟ್ ಟಾಂಬ್ಸ್ ಎಂಬ ಬ್ರಿಟಿಷ್ ಬರಹಗಾರ 1997ರಲ್ಲಿ ಜಗತ್ತಿನ ವಿಚಿತ್ರ ಸಿನಿಮಾಗಳ ಬಗ್ಗೆ ‘ಮೊಂಡೊ ಮಕಾಬ್ರೊ’ ಅಂತ ಪುಸ್ತಕ ಬರೆದರು. ಅದೇ ಹೆಸರಿನ ಡಿವಿಡಿ ಕಂಪನಿ ‘ಪುರಾನಾ ಮಂದಿರ್’, ‘ಬಂದ್ ದರ್ವಾಜಾ’, ‘ವೀರಾನಾ’, ‘ಪುರಾನಿ ಹವೇಲಿ’ ಎಲ್ಲವನ್ನೂ ಜೋಡಿ ಜೋಡಿಯಾಗಿ ಡಿಸ್ಕಿಗೆ ತಂದಿತು. ಇಂಗ್ಲಿಷ್ ಅಡಿಬರಹ, ಸಂದರ್ಶನ, ಹಿನ್ನೆಲೆ ಎಲ್ಲ ಸೇರಿಸಿ. ಆಮೇಲೆ ಬ್ಲೂ-ರೇ ಕೂಡ ಬಂತು. ಹಾರರ್ ಸಿನಿಮಾಗಳನ್ನ ಕಪಾಟು ತುಂಬ ಜೋಡಿಸಿಡುವ ಹೊರದೇಶದ ಸಂಗ್ರಾಹಕರು ಅದನ್ನ ಕಾದು ಕೊಂಡರು. ಗಂಗಾವತಿಯ ದುಡ್ಡಿನಿಂದ ಓಡಿದ ಸಿನಿಮಾ ಚೊಕ್ಕವಾಗಿ ನೋಡಬೇಕಂದರೆ ಈಗ ಹೊರದೇಶದಿಂದ ತರಿಸಬೇಕು. ಅವರ ಮೇಲೆ ನನಗೆ ಸಿಟ್ಟಿಲ್ಲ, ಕೃತಜ್ಞತೆಯೇ ಇದೆ. ನಾಚಿಕೆ ನಮ್ಮದು. ಅವರು ಕಪಾಟಿನಲ್ಲಿಟ್ಟದ್ದನ್ನ ನಾವು ತಕ್ಕಡಿಗೆ ಹಾಕ್ತಿದ್ದೇವೆ.

ಇದು ರಾಮ್ಸೆ ಒಬ್ಬರ ಮಾತಲ್ಲ. ಕನ್ನಡದ ಮೊದಲ ವಾಕ್ಚಿತ್ರ 1934ರ ‘ಸತಿ ಸುಲೋಚನ’. ಅದರ ಒಂದೇ ಒಂದು ಪ್ರತಿ ಇವತ್ತು ಉಳಿದಿಲ್ಲ. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಶುರುವಾದದ್ದೇ 1964ರಲ್ಲಿ. ಅಷ್ಟರೊಳಗೆ ಮೂಕಿಚಿತ್ರಗಳಲ್ಲಿ ಬಹುಪಾಲು ಹೋಗಿಬಿಟ್ಟಿದ್ದವು. ಮೊದಲ ಸಿನಿಮಾವನ್ನೇ ಕಳಕೊಂಡ ನಾವು ಉಳಿದವನ್ನಾದರೂ ಹುಷಾರಾಗಿ ಇಟ್ಟುಕೊಳ್ಳಬೇಕಿತ್ತು. 1979ರ ‘ನಾ ನಿನ್ನ ಬಿಡಲಾರೆ’ ನೋಡಿ ನಿದ್ದೆಗೆಟ್ಟವರು ನಮ್ಮ ಮನೆಗಳಲ್ಲಿ ಇನ್ನೂ ಇದ್ದಾರೆ. ಅನಂತನಾಗ್, ಲಕ್ಷ್ಮಿ ನಟಿಸಿದ ಆ ಸಿನಿಮಾದ ಹಳೇ ಕ್ಯಾಸೆಟ್ ನಿಮ್ಮ ಕಪಾಟಿನಲ್ಲಿ ಸಿಕ್ಕರೆ ಅದು ಪ್ಲಾಸ್ಟಿಕ್ ಅಲ್ಲ.

ಕ್ಯಾಸೆಟ್ಟಿಗೆ ಆಯುಷ್ಯ ಕಮ್ಮಿ. ಅರ್ಧ ಇಂಚು ಅಗಲದ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಅಂಟಿನಲ್ಲಿ ಕಲಸಿದ ಕಾಂತೀಯ ಪುಡಿ, ಅಷ್ಟೇ. ಬಿಸಿಲು, ತೇವಕ್ಕೆ ಅಂಟು ಸಡಿಲಾಗುತ್ತೆ, ಪುಡಿ ಉದುರುತ್ತೆ, ಬೂಸ್ಟು ಹಿಡಿಯುತ್ತೆ. ಬೂಸ್ಟು ಹಿಡಿದದ್ದನ್ನ ಹಾಗೇ ಯಂತ್ರಕ್ಕೆ ಹಾಕಿದರೆ ಹೆಡ್ ಕೂಡ ಹಾಳು, ಮುಂದಿನ ಕ್ಯಾಸೆಟ್ಟೂ ಹಾಳು. ಕ್ಯಾಸೆಟ್ಟುಗಳನ್ನ ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿಡಬೇಕು, ಸ್ಪೀಕರ್ ಹತ್ತಿರ ಇಡಬಾರದು. ಜಗತ್ತಿನಲ್ಲಿ ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರಲ್ಲಿ ಕೈ ತೊಳೆದುಕೊಂಡಿತು. ಕೆಲಸ ಮಾಡೋ ಯಂತ್ರ ಇರೋ ತನಕ ಮಾತ್ರ ಇವನ್ನ ಕಂಪ್ಯೂಟರಿಗೆ ಇಳಿಸಿಕೊಳ್ಳಲು ಸಾಧ್ಯ.

ಗುಜರಿಯವನಿಗೆ ಟ್ರಂಕು ಮಾತ್ರ ಕೊಟ್ಟೆವು. ಹೊಸ ಮನೆಗೆ ದೆವ್ವದ ಕ್ಯಾಸೆಟ್ ಬೇಡ ಅಂತ ಅವ್ವ ಹಟ ಹಿಡಿದಿದ್ದಕ್ಕೆ ಎಲ್ಲವೂ ನನ್ನ ಬಾಡಿಗೆ ರೂಮಿಗೆ ಬಂದವು. ಹಳೇ ವಿಸಿಆರ್ ಒಂದನ್ನ ಕೊಂಡು, ಬೆಲ್ಟು ಬದಲಿಸಿ, ಹೆಡ್ ಒರೆಸಿ ಒಂದೊಂದೇ ಹಾಕಿದೆ. ಹನ್ನೊಂದು ಬೂಸ್ಟು ಹಿಡಿದು ಸತ್ತಿವೆ. ‘ಪುರಾನಾ ಮಂದಿರ್’ ಅರ್ಧದ ತನಕ ಓಡುತ್ತೆ. ಚಿತ್ರದ ಅಡಿಯಲ್ಲಿ ಯಾವುದೋ ಸಾಬೂನಿನ ಜಾಹೀರಾತು ಹರಿಯುತ್ತೆ, ನಡುನಡುವೆ ಬಿಳಿ ಗೆರೆ, ಧ್ವನಿ ಬಾವಿಯೊಳಗಿಂದ ಬಂದಂಗೆ. ಹೊರದೇಶದ ಡಿಸ್ಕಿನಲ್ಲಿ ಇದಕ್ಕಿಂತ ನೂರು ಪಾಲು ಚೆಂದ ಕಾಣುತ್ತೆ, ನಿಜ. ಆದರೆ ಗಣಪತಿ ಹಬ್ಬದ ರಾತ್ರಿ ಯಲಬುರ್ಗಾದ ಹಳ್ಳಿಯಲ್ಲಿ ಹುಡುಗರು ಚಾದರದ ಸಂದಿಯಿಂದ ನೋಡಿದ್ದು ಈ ಪ್ರತಿಯನ್ನೇ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದಲ್ಲಿ ಒಂದು ಕಾಲಕ್ಕೆ ವಿಡಿಯೊ ಅಂಗಡಿ ಇಟ್ಟಿದ್ದವರ ಮನೆಗಳು ಇನ್ನೂ ಇವೆ, ಅಟ್ಟಗಳೂ ಇವೆ. ಹಳೇ ಮನೆ ಕೆಡವೋ ಕಾಲ ಇದು. ತಕ್ಕಡಿ ಬರೋ ಮುಂಚೆ ಒಮ್ಮೆ ಮೇಲೆ ಹತ್ತಿ ನೋಡಿ.